ಏಳು ಜನರ ತಂಡದಲ್ಲಿ ಮುಕ್ಕಾಲು ಮನುಷ್ಯ ಕಳಪೆ

ಮಾರ್ಚ್ ಬಂದರೆ ಸಾಕು, ಬೆಂಗಳೂರಿನ ಔಟರ್ ರಿಂಗ್ ರೋಡಿನ ಗಾಜಿನ ಕಟ್ಟಡಗಳಲ್ಲಿ ವರ್ಷದ ಕೆಲಸಕ್ಕೆ ರೇಟಿಂಗ್ ಕೊಡುವ ಒಂದು ಲೆಕ್ಕ ಶುರುವಾಗುತ್ತದೆ. ತಂಡದಲ್ಲಿ ಏಳು ಜನ. ಏಳೂ ಜನ ವರ್ಷವಿಡೀ ಚೆನ್ನಾಗಿ ದುಡಿದಿದ್ದಾರೆ. ಪ್ರಾಜೆಕ್ಟ್ ಮುಗಿದಿದೆ, ಕ್ಲೈಂಟ್ ಖುಷಿಯಾಗಿದ್ದಾನೆ, ಕೇಕ್ ಕತ್ತರಿಸಿ ಲಿಂಕ್ಡ್‌ಇನ್‌ನಲ್ಲಿ ಫೋಟೋನೂ ಹಾಕಿಯಾಗಿದೆ. ಆದರೆ ಎಚ್‌ಆರ್ ಕಳಿಸಿದ ಎಕ್ಸೆಲ್ ಶೀಟು ಇದನ್ನೆಲ್ಲ ಒಪ್ಪುವುದಿಲ್ಲ. ಪ್ರತಿ ತಂಡದಲ್ಲೂ ನೂರಕ್ಕೆ ಹತ್ತು ಮಂದಿ ಕಳಪೆ ಇರಲೇಬೇಕು. ಏಳರಲ್ಲಿ ಹತ್ತು ಪರ್ಸೆಂಟ್ ಅಂದರೆ 0.7. ಹೆಚ್ಚುಕಮ್ಮಿ ಮುಕ್ಕಾಲು ಮನುಷ್ಯ.

ಮುಕ್ಕಾಲು ಮನುಷ್ಯನನ್ನು ಎಲ್ಲಿಂದ ತರುವುದು? ಮ್ಯಾನೇಜರ್ ತಲೆ ಕೆರೆದುಕೊಳ್ಳುತ್ತಾರೆ. ಹೋದ ವಾರ ರಾಜೀನಾಮೆ ಕೊಟ್ಟವನು ಯಾರಾದರೂ ಇದ್ದರೆ ಬಚಾವ್. ಅವನಷ್ಟು ಅನುಕೂಲದ ಕಳಪೆ ಬೇರೆ ಸಿಗುವುದಿಲ್ಲ. ಅವನಿಲ್ಲದಿದ್ದರೆ ಹೆರಿಗೆ ರಜೆ ಮುಗಿಸಿ ಬಂದವಳು. ಅವಳೂ ಇಲ್ಲದಿದ್ದರೆ, ಮೀಟಿಂಗಿನಲ್ಲಿ ಕಮ್ಮಿ ಮಾತಾಡುವವನು. ಮುಕ್ಕಾಲನ್ನು ಪೂರ್ತಿ ಒಂದು ಮಾಡಿ, ಸೇವ್ ಒತ್ತಿದರೆ ಆಯಿತು.

ಇದಕ್ಕೆ ಬೆಲ್ ಕರ್ವ್ ಅಂತ ಹೆಸರು: ನಡುವೆ ಬಹಳಷ್ಟು ಜನ, ಎರಡೂ ತುದಿಗೆ ಕೆಲವೇ ಜನ ಇರುವ, ಗಂಟೆಯ ಆಕಾರದ ಗೆರೆ. ವಿಜ್ಞಾನ ಸ್ವಾಮಿ, ತಮಾಷೆ ಅಲ್ಲ.

ವಿಜ್ಞಾನ ಹೌದು, ಆದರೆ ಯಾವುದರ ವಿಜ್ಞಾನ? ಜರ್ಮನಿಯ ಗಣಿತಜ್ಞ ಗಾಸ್ 1809ರಲ್ಲಿ ಗ್ರಹಗಳ ಚಲನೆ ಬಗ್ಗೆ ಒಂದು ಪುಸ್ತಕ ಬರೆದ. ಆಕಾಶ ನೋಡಿ ಅಳತೆ ಮಾಡುವಾಗ ಆಗುವ ತಪ್ಪುಗಳು ಹೇಗೆ ಹರಡಿಕೊಂಡಿರುತ್ತವೆ ಎಂದು ತೋರಿಸಲು ಅದರಲ್ಲಿ ಈ ಗೆರೆಯನ್ನು ಬಳಸಿದ. ಇನ್ನೂರು ವರ್ಷ ಕಳೆದ ಮೇಲೆ ಅದೇ ಗೆರೆ ನಮ್ಮ ಇನ್‌ಕ್ರಿಮೆಂಟ್ ತೀರ್ಮಾನ ಮಾಡುತ್ತಿದೆ. ಗ್ರಹಚಾರ ಅಂತ ಹಿರಿಯರು ಸುಮ್ನೆ ಅಂದಿಲ್ಲ.

ಆಫೀಸಿಗೆ ಇದು ಬಂದದ್ದು ಅಮೆರಿಕದಿಂದ. ಜನರಲ್ ಎಲೆಕ್ಟ್ರಿಕ್ (ಜಿಇ) ಕಂಪನಿಯ ಮುಖ್ಯಸ್ಥರಾಗಿದ್ದ ಜ್ಯಾಕ್ ವೆಲ್ಚ್ 20-70-10 ಅನ್ನೋ ಲೆಕ್ಕವನ್ನು ಜನಪ್ರಿಯ ಮಾಡಿದರು. ನೂರು ಜನರಲ್ಲಿ ಮೇಲಿನ 20 ಜನಕ್ಕೆ ಬೋನಸ್, ನಡುವಿನ 70 ಜನಕ್ಕೆ ಬೆನ್ನು ತಟ್ಟುವುದು, ಕೆಳಗಿನ 10 ಜನಕ್ಕೆ ಬಾಗಿಲು. ಇಂಥದ್ದೇ ಪದ್ಧತಿ ಇಟ್ಟುಕೊಂಡಿದ್ದ ಮೈಕ್ರೋಸಾಫ್ಟ್ 2013ರಲ್ಲಿ ಸಾಕಪ್ಪಾ ಸಾಕು ಎಂದು ಕೈಬಿಟ್ಟಿತು. ಅದಕ್ಕೂ ಒಂದು ವರ್ಷ ಮುಂಚೆ ಓಬಾಯ್ಲ್ ಮತ್ತು ಅಗಿನಿಸ್ ಎಂಬ ಇಬ್ಬರು ಸಂಶೋಧಕರು ಒಂದು ಪ್ರಬಂಧ ಪ್ರಕಟಿಸಿದ್ದರು. ಸಂಶೋಧಕರು, ಕಲಾವಿದರು, ರಾಜಕಾರಣಿಗಳು, ಆಟಗಾರರು ಎಲ್ಲ ಸೇರಿ 198 ಗುಂಪುಗಳು, 6,33,263 ಜನ. ಅವರ ಸಾಧನೆಯ ಲೆಕ್ಕ ಹಾಕಿದರೆ ಗಂಟೆಯ ಆಕಾರ ಬಹುತೇಕ ಎಲ್ಲೂ ಕಾಣಲಿಲ್ಲ. ಬೆರಳೆಣಿಕೆಯ ಕೆಲವರು ಬೆಟ್ಟದಷ್ಟು ಸಾಧಿಸಿರುತ್ತಾರೆ, ಉಳಿದ ಬಹಳಷ್ಟು ಜನ ಸರಾಸರಿಗಿಂತ ಕೆಳಗೇ ಇರುತ್ತಾರೆ. ಆರು ಲಕ್ಷ ಜನರಲ್ಲಿ ಸಿಗದ ಗಂಟೆಯನ್ನು ನಮ್ಮ ಎಚ್‌ಆರ್ ಏಳು ಜನರಲ್ಲಿ ಪ್ರತಿ ವರ್ಷ ಹುಡುಕಿ ಕೊಡುತ್ತದೆ. ಪ್ರತಿಭೆ ಅಂದರೆ ಇದು.

ಹಾಗಂತ ಕಂಪನಿಗಳಿಗೆ ಸಂಶೋಧನೆ ಕಂಡರೆ ಆಗುವುದಿಲ್ಲ ಅಂದುಕೊಳ್ಳಬೇಡಿ. ತುಂಬ ಗೌರವ. ಛತ್ರ ಬುಕ್ ಮಾಡಿ ಅಡ್ವಾನ್ಸ್ ಕೊಟ್ಟ ಮೇಲೆ ಜಾತಕ ತೋರಿಸುವವರಿಗೆ ಜೋಯಿಸರ ಮೇಲೆ ಇರುತ್ತದಲ್ಲ, ಅಷ್ಟು ಗೌರವ. ಕೂಡಿಬಂದರೆ ಶಾಸ್ತ್ರ. ಬರದಿದ್ದರೆ ಮನಸ್ಸು ಕೂಡಿದರೆ ಸಾಕು ಬಿಡಿ ಎಂಬ ಆಧುನಿಕ ವಿಚಾರ.

ಗೋಡೆ ಕೆಡವಿದ ಕಥೆಯನ್ನೇ ನೋಡಿ. ಕ್ಯಾಬಿನ್ ತೆಗೆಯಿರಿ, ಎಲ್ಲರನ್ನೂ ಒಂದೇ ಹಾಲಿನಲ್ಲಿ ಸಾಲಾಗಿ ಕೂರಿಸಿ, ಆಗ ಮಾತುಕತೆ ಹೆಚ್ಚುತ್ತದೆ, ಐಡಿಯಾ ಹುಟ್ಟುತ್ತದೆ ಎಂದರು. ಹಾರ್ವರ್ಡ್‌ನ ಬರ್ನ್‌ಸ್ಟೀನ್ ಮತ್ತು ಟರ್ಬನ್ ಅಮೆರಿಕದ ಎರಡು ದೊಡ್ಡ ಕಂಪನಿಗಳಲ್ಲಿ ಉದ್ಯೋಗಿಗಳ ಕೊರಳಿಗೆ, ಯಾರು ಯಾರೊಡನೆ ಎಷ್ಟು ಮಾತಾಡುತ್ತಾರೆ ಎಂದು ಅಳೆಯುವ ಬ್ಯಾಡ್ಜ್ ಹಾಕಿಯೇ ನೋಡಿದರು. 2018ರಲ್ಲಿ ಫಲಿತಾಂಶ ಬಂತು. ಗೋಡೆ ಹೋದ ಮೇಲೆ ಮುಖಾಮುಖಿ ಮಾತು ಸುಮಾರು 70 ಪರ್ಸೆಂಟ್ ಕಡಿಮೆಯಾಗಿತ್ತು. ಇಮೇಲ್ ಜಾಸ್ತಿಯಾಗಿತ್ತು. ಎಲ್ಲರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪಕ್ಕದ ಕುರ್ಚಿಯವನಿಗೆ ಮೆಸೇಜ್ ಮಾಡುವುದು ನಮಗೇನು ಹೊಸದಲ್ಲ. ಹಾಗಾದರೆ ಗೋಡೆ ವಾಪಸ್ ಬಂತೇ? ಎಲ್ಲಿಂದ ಬರಬೇಕು? ತಲೆಗೆ ಎಷ್ಟು ಚದರಡಿ ಬಾಡಿಗೆ ಉಳಿಯುತ್ತದೆ ಅನ್ನೋ ಲೆಕ್ಕ ಮೊದಲು ಆಗಿತ್ತು. ಕೊಲಾಬರೇಷನ್ ಅನ್ನೋ ಮಾತು ಆಮೇಲೆ ಸಿಕ್ಕಿತು.

ಪಾಪ, ಮನಃಶಾಸ್ತ್ರಜ್ಞ ಮಾಸ್ಲೋ ಕಥೆ ಇನ್ನೂ ಕಷ್ಟ. ಮನುಷ್ಯನ ಅಗತ್ಯಗಳ ಬಗ್ಗೆ ಅವರು 1943ರಲ್ಲಿ ಬರೆದ ಪ್ರಬಂಧದಲ್ಲಿ, ಬುಡದಲ್ಲಿ ಊಟ, ಅದರ ಮೇಲೆ ಭದ್ರತೆ, ತುದಿಯಲ್ಲಿ ತನ್ನ ಪೂರ್ತಿ ಸಾಮರ್ಥ್ಯ ಮುಟ್ಟುವ ಆಸೆ ಅಂತ ಜೋಡಿಸಿದ ಆ ಪ್ರಸಿದ್ಧ ಪಿರಮಿಡ್ ಇಲ್ಲವೇ ಇಲ್ಲ. ಅದನ್ನು ಆಮೇಲೆ ಕನ್ಸಲ್ಟೆಂಟ್ ಕಡೆಯವರು ಸೇರಿಸಿದ್ದು. ಈಗ ಪಿರಮಿಡ್ ಇಲ್ಲದ ಟ್ರೈನಿಂಗ್ ಪಿಪಿಟಿ ಇಲ್ಲ. ಊಟದ ಕೂಪನ್ ಕಡಿತ ಮಾಡಿ, ಕಂಪನಿ ಬಸ್ ನಿಲ್ಲಿಸಿ, ಶನಿವಾರ ರೆಸಾರ್ಟಿಗೆ ಕರೆದೊಯ್ದು, ಪಿರಮಿಡ್ಡಿನ ತುದಿ ಮುಟ್ಟುವುದು ಹೇಗೆ ಅಂತ ಪಾಠ ಹೇಳುತ್ತಾರೆ.

ಪಂಡಿತರೇನೂ ಸಾಚಾ ಅಲ್ಲ. ಪ್ರೊಫೆಸರಿಗೆ ಬಡ್ತಿ ಸಿಗುವುದು ಪ್ರಬಂಧ ಅಚ್ಚಾದರೆ. ಯಾರದೋ ಕಾರ್ಖಾನೆ ಸುಧಾರಿಸಿದರೆ ಅಲ್ಲ. ಹಾಗಾಗಿ ಬರೆಯುವುದು ಇನ್ನೊಬ್ಬ ಪ್ರೊಫೆಸರಿಗೆ. ದುಡ್ಡು ಕೊಟ್ಟು ಜರ್ನಲ್ ತರಿಸಿದರೂ ಮ್ಯಾನೇಜರಿಗೆ ಅರ್ಥವಾಗುವುದು ಪುಟದ ಸಂಖ್ಯೆ ಮಾತ್ರ. ಇನ್ನು, ಫಾರಂನ ಕೊನೆಯಲ್ಲಿ ಅಲ್ಲ, ಆರಂಭದಲ್ಲೇ ಸಹಿ ಹಾಕಿಸಿಕೊಂಡರೆ ಜನ ಕಡಿಮೆ ಸುಳ್ಳು ಹೇಳುತ್ತಾರೆ ಎಂದು 2012ರಲ್ಲಿ ಒಂದು ಪ್ರಸಿದ್ಧ ಪ್ರಬಂಧ ಬಂತು. ಎಲ್ಲರೂ ಹಾಡಿ ಹೊಗಳಿದರು. 2021ರಲ್ಲಿ ಅದನ್ನು ವಾಪಸ್ ಪಡೆದರು. ಕಾರಣ, ಅದರೊಳಗಿನ ಅಂಕಿಅಂಶವೇ ಸುಳ್ಳು. ಪ್ರಾಮಾಣಿಕತೆಯ ಬಗ್ಗೆ ಬರೆಯುವಾಗ ಮೊದಲೇ ಸಹಿ ಹಾಕಿಸಿಕೊಳ್ಳಬೇಕಿತ್ತು.

ಆದರೂ ಗಟ್ಟಿ ಕೆಲಸ ಆಗುತ್ತಿಲ್ಲ ಅಂದರೆ ತಪ್ಪಾಗುತ್ತದೆ. ನಮ್ಮ ಬೆಂಗಳೂರು ಸುತ್ತಮುತ್ತಲಿನ ಗಾರ್ಮೆಂಟ್ಸ್‌ಗಳಲ್ಲೇ ಆಗಿದೆ. ಅರ್ಥಶಾಸ್ತ್ರಜ್ಞ ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರು ವರ್ಷಗಟ್ಟಲೆ ಅಲ್ಲಿ ಅಧ್ಯಯನ ಮಾಡಿದ್ದಾರೆ. ಹೊಲಿಗೆ ಮೆಷಿನ್ ಹತ್ತಿರದ ಹಳೇ ಲೈಟು ತೆಗೆದು ಎಲ್‌ಇಡಿ ಹಾಕಿದರೆ ಕರೆಂಟ್ ಉಳಿಯುತ್ತದೆ, ಸರಿ. ಜತೆಗೆ ಕಾವೂ ಕಮ್ಮಿಯಾಗಿ, ಸೆಕೆಯ ದಿನಗಳಲ್ಲಿ ಪ್ರೊಡಕ್ಷನ್ ಬೀಳುವುದು ಬಹಳಷ್ಟು ತಪ್ಪಿತು ಎಂದು ಅವರು ತೋರಿಸಿದರು. ಸೆಕೆಯಲ್ಲಿ ಮನುಷ್ಯರಿಗೆ ಕೆಲಸ ಮಾಡುವುದು ಕಷ್ಟ ಅನ್ನೋದು ಕೊನೆಗೂ ಇಂಗ್ಲಿಷಿನಲ್ಲಿ ಸಾಬೀತಾಯಿತು. ಲೈನಿನಲ್ಲಿ ಕೂತ ಅಕ್ಕಂದಿರು ಇದನ್ನು ಕನ್ನಡದಲ್ಲಿ ಹೇಳಿದಾಗ ಸೂಪರ್‌ವೈಸರ್ ಹೇಳುತ್ತಿದ್ದದ್ದು ಒಂದೇ ಮಾತು: ಟಾರ್ಗೆಟ್ ನೋಡಮ್ಮ.

ಅದೇ ತಂಡದ ಇನ್ನೊಂದು ಅಧ್ಯಯನ ನನಗೆ ಇನ್ನೂ ಇಷ್ಟ. ಹೊಲಿಗೆ ಕೆಲಸದ ಹೆಣ್ಣುಮಕ್ಕಳಿಗೆ ಮಾತುಕತೆ, ಸಮಯ ಹೊಂದಿಸಿಕೊಳ್ಳುವುದು, ಸಮಸ್ಯೆ ಬಿಡಿಸುವುದು ಇಂಥ ‘ಸಾಫ್ಟ್ ಸ್ಕಿಲ್’ಗಳ ತರಬೇತಿ ಕೊಟ್ಟರು. ತರಬೇತಿ ಮುಗಿದ ಎಂಟು ತಿಂಗಳಿಗೆಲ್ಲ ಕಂಪನಿಗೆ ಹಾಕಿದ ದುಡ್ಡಿನ ಮೇಲೆ ಸುಮಾರು 250 ಪರ್ಸೆಂಟ್ ಲಾಭ. ಹೆಣ್ಣುಮಕ್ಕಳ ಸಂಬಳ ಏರಿದ್ದು ಮಾತ್ರ ಹೆಸರಿಗಷ್ಟೇ. ಇದೂ ಅದೇ ಪ್ರಬಂಧದಲ್ಲಿದೆ. ಎಷ್ಟು ಜನ ಮಾಲೀಕರು ಆ ಪುಟದವರೆಗೆ ಓದಿದರೋ ಗೊತ್ತಿಲ್ಲ.

ಇರಲಿ, ಅಕ್ಕಂದಿರು ಈಗ ಧೈರ್ಯವಾಗಿ, ಸ್ಪಷ್ಟವಾಗಿ ಮಾತಾಡುವುದನ್ನು ಕಲಿತಿದ್ದಾರೆ. ಲೈನಿನ ಸಮಸ್ಯೆ ಬಗ್ಗೆ ಮಾತಾಡಿದರೆ ಅದು ಸಾಫ್ಟ್ ಸ್ಕಿಲ್. ನಾಳೆ ಅದೇ ಧೈರ್ಯದಲ್ಲಿ ಸಂಬಳದ ಬಗ್ಗೆ ಮಾತಾಡಿದರೆ ಎಚ್‌ಆರ್ ಬಳಿ ಅದಕ್ಕೂ ಒಂದು ಹೆಸರು ರೆಡಿ ಇದೆ: ಆಟಿಟ್ಯೂಡ್ ಪ್ರಾಬ್ಲಂ.