ಒಂದು ರೂಪಾಯಿಗೆ ವಿಮಾನ: ಏರ್ ಡೆಕ್ಕನ್ ಮಾಡಿದ್ದು ಸರಿಯೇ?

ಒಂದು ರೂಪಾಯಿಗೆ ಟಿಕೆಟ್ ಎಂದು ಜಾಹೀರಾತು ಕೊಟ್ಟು, ಕಡಿಮೆ ದರದಲ್ಲಿ ಜನರನ್ನು ಹಾರಿಸಿದ ಕಂಪನಿ ಏರ್ ಡೆಕ್ಕನ್. ಅದು ಮಾಡಿದ್ದು ಸರಿಯೇ ಎಂಬ ವಾದದ ಎರಡೂ ಕಡೆ ನಾನೇ ಬರೆದಿದ್ದೇನೆ. ಎರಡನ್ನೂ ಮನಸ್ಸಿಟ್ಟೇ ಬರೆದಿದ್ದೇನೆ.

ಪರ: ಆ ಜಾಹೀರಾತು ಇಲ್ಲದಿದ್ದರೆ ಅಜ್ಜ ಹಾರುತ್ತಿರಲಿಲ್ಲ

ನಮ್ಮಜ್ಜ ಮೊದಲ ಸಲ ವಿಮಾನ ಹತ್ತಿದಾಗ ಕೈಯಲ್ಲಿ ಬುತ್ತಿ ಇತ್ತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ, ಏರ್ ಡೆಕ್ಕನ್‌ನಲ್ಲಿ. ಅಲ್ಲಿ ಊಟ ಕೊಡಲ್ಲ, ನೀರಿಗೂ ದುಡ್ಡು ಕೊಡಬೇಕು ಅಂತ ಮಾಮ ಮೊದಲೇ ಹೇಳಿದ್ದರು. ಅಜ್ಜಿ ಬಿಳಿ ಬಟ್ಟೆಯಲ್ಲಿ ನಾಲ್ಕು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಟ್ಟರು. ಗಂಟು ಬಿಚ್ಚಿ ಒಂದು ರೊಟ್ಟಿ ಮುಗಿಸುವಷ್ಟರಲ್ಲಿ ವಿಮಾನ ಇಳಿಯತೊಡಗಿತಂತೆ. ಉಳಿದ ಮೂರನ್ನು ನಮ್ಮನೆಗೆ ತಂದರು. "ರಾಣಿ ಚೆನ್ನಮ್ಮದಾಗ ಬಂದಿದ್ರ ಇನ್ನೂ ಹಾವೇರಿನೂ ದಾಟ್ತಿದ್ದಿಲ್ಲ ನೋಡು" ಎಂದು ರೈಲಿಗೆ ಹೋಲಿಸಿ ವಾರವಿಡೀ ಹೇಳಿದರು.

ಅವರದು ಒಂದು ರೂಪಾಯಿ ಟಿಕೆಟ್ ಅಲ್ಲ. ಆ ದರದ ಸೀಟುಗಳು ಇರುತ್ತಿದ್ದುದೇ ಕೆಲವು. ಬಹಳ ಮೊದಲೇ ಬುಕ್ ಮಾಡಿದವರಿಗೆ ಮಾತ್ರ ಸಿಗುತ್ತಿದ್ದವು, ತೆರಿಗೆ ಮತ್ತು ಶುಲ್ಕ ಬೇರೆ. ಆದರೆ ಆ ಜಾಹೀರಾತು ಕಣ್ಣಿಗೆ ಬೀಳದಿದ್ದರೆ ಮಾಮ ವಿಮಾನದ ದರ ವಿಚಾರಿಸುತ್ತಲೇ ಇರಲಿಲ್ಲ. ವಿಮಾನ ಅನ್ನೋದು ನಮ್ಮಂಥವರಿಗಲ್ಲ ಎಂದು ಮನೆಮಂದಿಯೆಲ್ಲ ನಂಬಿದ್ದ ಕಾಲ ಅದು. ಒಂದು ರೂಪಾಯಿ ಮಾಡಿದ ದೊಡ್ಡ ಕೆಲಸ ಅದೇ: ಜನರು ದರ ಕೇಳುವ ಹಾಗೆ ಮಾಡಿತು.

ಇದನ್ನು ಶುರು ಮಾಡಿದವರು ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್. ಸೈನ್ಯ ಬಿಟ್ಟು ಬಂದು ವ್ಯವಸಾಯ ಮಾಡಿದವರು, ಆಮೇಲೆ ಹೆಲಿಕಾಪ್ಟರ್ ಕಂಪನಿ ಕಟ್ಟಿದವರು. 2003ರಲ್ಲಿ ಏರ್ ಡೆಕ್ಕನ್ ಶುರುವಾದಾಗ ಇದ್ದದ್ದು 48 ಸೀಟಿನ ಎಟಿಆರ್ ಎಂಬ ಚಿಕ್ಕ ಪ್ರೊಪೆಲ್ಲರ್ ವಿಮಾನ. ಕಂಪನಿಯ ಗುರುತಾಗಿ ಅವರು ಆರಿಸಿಕೊಂಡದ್ದು ಆರ್.ಕೆ. ಲಕ್ಷ್ಮಣ್ ಅವರ ಶ್ರೀಸಾಮಾನ್ಯನನ್ನು, ಅದೇ ಚೌಕಳಿ ಕೋಟಿನ ಮುದುಕನನ್ನು. ನಾಲ್ಕೇ ವರ್ಷದಲ್ಲಿ 40ಕ್ಕೂ ಹೆಚ್ಚು ವಿಮಾನ, 60ಕ್ಕೂ ಹೆಚ್ಚು ಊರು. 2003ರ ಹೊತ್ತಿಗೆ ದೇಶದೊಳಗಿನ ವಿಮಾನಗಳಲ್ಲಿ ವರ್ಷಕ್ಕೆ ಒಂದೂವರೆ ಕೋಟಿಯಷ್ಟು ಪ್ರಯಾಣ ನಡೆಯುತ್ತಿತ್ತು. 2007ರಲ್ಲಿ ಅದು 4 ಕೋಟಿ ದಾಟಿತು. ಎಲ್ಲವೂ ಡೆಕ್ಕನ್‌ನಿಂದ ಅಲ್ಲ ನಿಜ. ಆದರೆ ದರ ಇಳಿಸುವಂತೆ ಉಳಿದವರ ಮೇಲೆ ಒತ್ತಡ ತಂದದ್ದು ಅದೇ.

ಹಾಗಾದರೆ ಡೆಕ್ಕನ್ ಬಿದ್ದದ್ದು ಯಾಕೆ? ಬರೀ ದರದಿಂದ ಅಲ್ಲ. ವಿಮಾನದ ಇಂಧನಕ್ಕೆ ಎಷ್ಟೋ ರಾಜ್ಯಗಳಲ್ಲಿ ಮಾರಾಟ ತೆರಿಗೆ ಶೇಕಡಾ 20 ದಾಟಿತ್ತು. 2005ರಲ್ಲಿ ಸ್ಪೈಸ್‌ಜೆಟ್, ಗೋಏರ್, 2006ರಲ್ಲಿ ಇಂಡಿಗೋ ಬಂದವು. ಎಲ್ಲರೂ ಒಂದೇ ಸಲ ಸೀಟು ಸುರಿದರು. ಇನ್ನೊಂದು ಮಾತು. ವಿದೇಶಕ್ಕೆ ಹಾರಬೇಕಾದರೆ ಕಂಪನಿಗೆ ಐದು ವರ್ಷ ತುಂಬಿರಬೇಕು, 20 ವಿಮಾನ ಇರಬೇಕು ಎಂಬ ನಿಯಮ ಆಗ ಇತ್ತು. ಕೊನೆಗೆ ಡೆಕ್ಕನ್ ಕಿಂಗ್‌ಫಿಷರ್ ಕೈಗೆ ಹೋಯಿತು. 2005ರಲ್ಲಿ ಹುಟ್ಟಿದ ಕಿಂಗ್‌ಫಿಷರ್‌ಗೆ 2008ರಲ್ಲೇ ಲಂಡನ್‌ಗೆ ಹಾರಲು ದಾರಿಯಾದದ್ದು ಡೆಕ್ಕನ್‌ನ ವಯಸ್ಸು. ಡೆಕ್ಕನ್ ಹೆಸರು ಮಾತ್ರ ಉಳಿಯಲಿಲ್ಲ, ಕಿಂಗ್‌ಫಿಷರ್ ರೆಡ್ ಆಯಿತು. ನನಗೆ ಇವತ್ತಿಗೂ ಬೇಜಾರಾಗುವುದು ಇದಕ್ಕೇ. ಆ ಮುದುಕನನ್ನಾದರೂ ಉಳಿಸಿಕೊಳ್ಳಬಹುದಿತ್ತು, ಅಲ್ವಾ?

ವಿರೋಧ: ಆ ದುಡ್ಡನ್ನು ಯಾರೋ ಕೊಡಲೇಬೇಕಿತ್ತು

ವಿಮಾನ ಹಾರಿಸುವ ಖರ್ಚು ಜಾಹೀರಾತು ನೋಡಿ ಕಡಿಮೆಯಾಗಲ್ಲ. ಟಿಕೆಟ್ ದುಡ್ಡಿನಿಂದ ಹುಟ್ಟದ ಖರ್ಚು ಇನ್ಯಾರದೋ ತಲೆಗೆ ಬರುತ್ತದೆ.

ಮೊದಲು ಬರುವುದು ಪ್ರಯಾಣಿಕರ ತಲೆಗೆ. ಕಡಿಮೆ ದರದ ಲೆಕ್ಕ ಕೂಡಬೇಕಾದರೆ ವಿಮಾನ ನೆಲದ ಮೇಲೆ ನಿಲ್ಲಬಾರದು. ಒಂದೇ ವಿಮಾನ ಬೆಳಿಗ್ಗೆಯಿಂದ ರಾತ್ರಿವರೆಗೆ ಐದಾರು ಸಲ ಹಾರಬೇಕು. ಬದಲಿ ವಿಮಾನ ಇಟ್ಟುಕೊಳ್ಳುವಷ್ಟು ಅನುಕೂಲ ಇರಲ್ಲ. ಬೆಳಿಗ್ಗೆ ಮಂಜಿನಿಂದ ಒಂದು ಗಂಟೆ ತಡವಾದರೆ ರಾತ್ರಿ ಹೊತ್ತಿಗೆ ಅದು ಮೂರು ಗಂಟೆಯಾಗಿರುತ್ತದೆ, ಇಲ್ಲವೇ ಕೊನೆಯ ಹಾರಾಟ ರದ್ದಾಗಿರುತ್ತದೆ.

ಆ ವರ್ಷಗಳಲ್ಲೇ ತಂಗಿಯ ನಿಶ್ಚಿತಾರ್ಥಕ್ಕೆ ಹೊರಟ ನಾನು ಇಡೀ ರಾತ್ರಿ ನಿಲ್ದಾಣದಲ್ಲಿ ಕಳೆದೆ. ಯಾವ ಕಂಪನಿ ಅನ್ನುವುದು ಬೇಡ. ಕೌಂಟರಿನಲ್ಲಿದ್ದ ಹುಡುಗಿಗೆ ಇಪ್ಪತ್ತೆರಡು ಇದ್ದೀತು. ಸುತ್ತ ನಿಂತವರೆಲ್ಲ ಬೈಯುತ್ತಿದ್ದರು. ಅವಳ ಕೈಯಲ್ಲೊಂದು ವಾಕಿಟಾಕಿ. ಮತ್ತೆ ಮತ್ತೆ ಕೇಳುತ್ತಿದ್ದಳು, ಆ ಕಡೆಯಿಂದ ಯಾರೂ ಉತ್ತರ ಕೊಡುತ್ತಿರಲಿಲ್ಲ. ಟಿಕೆಟ್ ದುಡ್ಡು ವಾಪಸ್ ಬಂತು. ನಾನು ತಲುಪಿದಾಗ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು.

ಆಮೇಲೆ ಹೊರೆ ಬೀಳುವುದು ಷೇರು ಕೊಂಡವರ ಮೇಲೆ, ಕೆಲಸಗಾರರ ಮೇಲೆ. 2006ರಲ್ಲಿ ಡೆಕ್ಕನ್ ಷೇರು ಮಾರಲು ಹೋದಾಗ ಬೆಲೆ ಇಳಿಸಿ, ದಿನ ಮುಂದೂಡಿ ಹೇಗೋ ದಾಟಿತು. ಮರುವರ್ಷವೇ ಕಿಂಗ್‌ಫಿಷರ್‌ನ ಒಡೆಯರಾದ ಯುಬಿ ಗ್ರೂಪ್‌ಗೆ 26 ಶೇಕಡಾ ಪಾಲು ಕೊಡಬೇಕಾಯಿತು, ಸುಮಾರು 550 ಕೋಟಿ ರೂಪಾಯಿಗೆ. ಕೈಯಲ್ಲಿ ದುಡ್ಡಿದ್ದವರು ಹಾಗೆ ಮಾರುತ್ತಿರಲಿಲ್ಲ. 2011ರಲ್ಲಿ ಕಿಂಗ್‌ಫಿಷರ್ ತನ್ನ ರೆಡ್ ಸೇವೆಯನ್ನು ಕೈಬಿಟ್ಟಿತು. 2012ರ ಅಕ್ಟೋಬರ್‌ನಲ್ಲಿ ಇಡೀ ಕಿಂಗ್‌ಫಿಷರ್ ನಿಂತಾಗ ಸಿಬ್ಬಂದಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ ಇತ್ತು. ಈ ಪಾಪವನ್ನೆಲ್ಲ ಡೆಕ್ಕನ್ ಮೇಲೆ ಹೊರಿಸಲಾರೆ, ಆ ಕಂಪನಿ ತನ್ನದೇ ಸಾಲದಲ್ಲಿ ಮುಳುಗಿತು. ಆದರೆ ಗಟ್ಟಿಯಾಗಿ ನಿಂತಿದ್ದ ಡೆಕ್ಕನ್ ಆ ಕೈಗೆ ಹೋಗುತ್ತಲೇ ಇರಲಿಲ್ಲ.

ಕಡಿಮೆ ದರದಲ್ಲೂ ಬದುಕಬಹುದು ಅಂತ ಇಂಡಿಗೋ ತೋರಿಸಿತಲ್ಲ ಅನ್ನುತ್ತಾರೆ. ಹೌದು, ಆದರೆ ಅದು ನಡೆದ ದಾರಿ ಬೇರೆ. ಹಾರುವ ಮೊದಲೇ, 2005ರಲ್ಲಿ, ಒಂದೇ ಮಾದರಿಯ 100 ಏರ್‌ಬಸ್‌ಗೆ ಆರ್ಡರ್ ಕೊಟ್ಟಿತು. ಒಂದೇ ಮಾದರಿ ಅಂದರೆ ಪೈಲಟ್ ತರಬೇತಿ ಒಂದೇ, ಬಿಡಿಭಾಗವೂ ಒಂದೇ. ಎಟಿಆರ್ ಹಿಡಿದು ಚಿಕ್ಕ ಊರುಗಳಿಗೆ ಹೊರಟದ್ದು 2017ರಲ್ಲಿ, ಕಾಲೂರಿದ ಮೇಲೆ. ಡೆಕ್ಕನ್ ಎಟಿಆರ್, ಏರ್‌ಬಸ್ ಎರಡನ್ನೂ ಒಟ್ಟಿಗೆ ಎಳೆದುಕೊಂಡು, ಅದೂ ಓಡುತ್ತಲೇ ಬೆಳೆಯಲು ನೋಡಿತು.

ಚಿಕ್ಕ ಊರುಗಳ ಸೇವೆಯನ್ನು ನಾನು ಬೇಡ ಅನ್ನುತ್ತಿಲ್ಲ. ಅದರ ನಷ್ಟವನ್ನು ಮುಚ್ಚಿಡಬಾರದು, ಅಷ್ಟೇ. ಚಿಕ್ಕ ಊರುಗಳಿಗೆ ವಿಮಾನ ಒದಗಿಸುವ ಕೇಂದ್ರದ ಉಡಾನ್ ಯೋಜನೆಯಲ್ಲಿ ಒಂದು ಗಂಟೆಯ ಹಾರಾಟದ ಕೆಲವು ಸೀಟಿಗೆ 2500 ರೂಪಾಯಿ ಮಿತಿ ಹಾಕಿ, ಕೊರತೆಯನ್ನು ತುಂಬಿಕೊಡುತ್ತೇವೆ ಎಂದು ಸರ್ಕಾರ ಒಪ್ಪಿಕೊಂಡಿತು. ಅಲ್ಲೂ ತೊಡಕುಗಳಿವೆ. ಆದರೆ ದುಡ್ಡು ಯಾರು ಕೊಡುತ್ತಿದ್ದಾರೆ ಅನ್ನುವುದು ಗೊತ್ತಿದೆ.

ಆ ದಿನ ಅಜ್ಜನ ಟಿಕೆಟ್‌ಗೆ ಇನ್ನು ಮುನ್ನೂರು ರೂಪಾಯಿ ಜಾಸ್ತಿ ಕೇಳಿದ್ದರೂ ಮಾಮ ಕೊಡುತ್ತಿದ್ದರು.