ಪ್ರಾರ್ಥನೆಯ ಪೇಪರ್ ತರಗತಿಯೊಳಗೂ ಬರಲಿ

ಹೋದ ಮಳೆಗಾಲದಲ್ಲಿ ಇಂಡಿಯಿಂದ ನಮ್ಮಣ್ಣನ ಮಗಳು ವಾಟ್ಸಾಪ್‌ನಲ್ಲಿ ಒಂದು ಪೇಪರ್ ಕಟಿಂಗ್ ಕಳಿಸಿದಳು. ಜೋರು ಮಳೆ, ವಿಜಯಪುರ ಜಿಲ್ಲೆಯ ಶಾಲೆಗಳಿಗೆ ನಾಳೆ ರಜೆ ಅಂತ ದಪ್ಪ ಅಕ್ಷರದಲ್ಲಿತ್ತು. ‘ಕಾಕಾ, ಪೇಪರ್‌ನ್ಯಾಗ ಬಂದೈತಿ ನೋಡ್ರಿ’ ಅಂದಳು. ಪಕ್ಕದಲ್ಲಿದ್ದ ನನ್ನ ಮಗಳು ಕೇಳಿದ್ದು ಮೂರೇ ಮಾತು: ಯಾವ ಪೇಪರು, ಯಾವ ತಾರೀಖು, ಎಷ್ಟನೇ ಪುಟ? ಆ ಪತ್ರಿಕೆಯ ಇ-ಪೇಪರ್ ತೆಗೆದು ವಿಜಯಪುರದ ಪುಟಗಳನ್ನೆಲ್ಲ ನೋಡಿದೆವು. ಅಂಥ ಸುದ್ದಿಯೇ ಇರಲಿಲ್ಲ. ಯಾರೋ ಹಳೆ ಕಟಿಂಗ್‌ಗೆ ಹೊಸ ತಲೆಬರಹ ಅಂಟಿಸಿದ್ದರು.

ಇಬ್ಬರೂ ಒಂಬತ್ತನೇ ತರಗತಿ. ಲೆಕ್ಕದಲ್ಲಿ ನಮ್ಮಣ್ಣನ ಮಗಳದ್ದೇ ಒಂದು ಕೈ ಮೇಲೆ. ಆದರೆ ನನ್ನ ಮಗಳು ಓದುವುದು ಕೇರಳದ ಕಣ್ಣೂರಿನ ಶಾಲೆಯಲ್ಲಿ. ಹೀಗೆ ಕೇಳುವುದನ್ನು ಅಲ್ಲಿ ಅವಳಿಗೆ ಕಲಿಸಿದ್ದಾರೆ. ಇಂಡಿಯಲ್ಲಿ ಈ ಹುಡುಗಿಗೆ ಯಾರೂ ಕಲಿಸಿಲ್ಲ. ಅವತ್ತಿನಿಂದ ಇದು ನನ್ನ ತಲೆಯಲ್ಲಿ ಕೊರೆಯುತ್ತಿದೆ.

ಕಣ್ಣೂರಿನಲ್ಲಿ ಇದು ತಾನಾಗಿ ಬಂದಿದ್ದಲ್ಲ. ದಡಾರ-ರುಬೆಲ್ಲಾ ಲಸಿಕೆ ಬಗ್ಗೆ ವಾಟ್ಸಾಪ್‌ನಲ್ಲಿ ಸುಳ್ಳು ಹಬ್ಬಿ, ಅಪ್ಪ ಅಮ್ಮಂದಿರು ಮಕ್ಕಳಿಗೆ ಸೂಜಿ ಹಾಕಿಸಲು ಹೆದರಿದರು. ಆಮೇಲೆ 2018ರಲ್ಲಿ ಜಿಲ್ಲಾಧಿಕಾರಿ ‘ಸತ್ಯಮೇವ ಜಯತೇ’ ಅಂತ ಪಾಠ ಶುರು ಮಾಡಿಸಿದರು. ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವುದನ್ನು ಹೇಳಿಕೊಟ್ಟರು. ಅಷ್ಟೊತ್ತಿಗೆ ಶಾಲೆಗಳಿಗೆ ತಂತ್ರಜ್ಞಾನ ಒದಗಿಸುವ ಕೇರಳದ ಸರ್ಕಾರಿ ಸಂಸ್ಥೆ ಕೈಟ್ 8ರಿಂದ 12ನೇ ತರಗತಿವರೆಗೆ 45,000 ಕೋಣೆಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಮುಟ್ಟಿಸುವ ಕೆಲಸಕ್ಕೂ ಕೈ ಹಾಕಿತ್ತು. ಹಾಗಾಗಿ ಟೀಚರ್ ಗೋಡೆಯ ಮೇಲೆ ಪೇಪರ್ ತೆರೆಯುವುದು ಇಲ್ಲಿ ದೊಡ್ಡ ಸಂಗತಿಯೇ ಅಲ್ಲ.

ನಮ್ಮೂರ ಶಾಲೆಗಳಿಗೆ ಪೇಪರ್ ಹೊಸದೇನಲ್ಲ. ನಾನು ಓದುವಾಗ ಮಧ್ಯಾಹ್ನದ ಬಸ್ಸಿಗೆ ಪೇಪರ್ ಬರುತ್ತಿತ್ತು. ಮರುದಿನ ಪ್ರಾರ್ಥನೆ ಮುಗಿದ ಮೇಲೆ ಒಬ್ಬರು ಮುಂದೆ ನಿಂತು ನಾಲ್ಕು ತಲೆಬರಹ ಓದಬೇಕು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತ ಉಳಿದವರ ಕಿವಿಗೆ ಅದು ಬೀಳುತ್ತಲೇ ಇರಲಿಲ್ಲ. ಇವತ್ತಿಗೂ ಅದೇ ನಡೆದಿದೆ ಅಂತ ಹುಡುಗಿ ಹೇಳುತ್ತಾಳೆ. ಒಳ್ಳೆಯ ರೂಢಿ ಅದು, ಬಿಡಬಾರದು. ಆದರೆ ಓದಿದ ಸುದ್ದಿ ಅಲ್ಲೇ ಅಂಗಳದಲ್ಲಿ ಉಳಿದುಬಿಡುತ್ತದೆ, ತರಗತಿಯೊಳಗೆ ಬರುವುದಿಲ್ಲ. ನನ್ನ ತಕರಾರು ಇದೊಂದೇ.

ಇ-ಪೇಪರ್ ಬಂದರೆ ಏನು ಮಾಡಬಹುದು? ಆಲಮಟ್ಟಿಯನ್ನೇ ತಗೊಳ್ಳಿ. ಮಳೆಗಾಲದಲ್ಲಿ ನಮ್ಮ ಕಡೆಯ ಪತ್ರಿಕೆಗಳಲ್ಲಿ ಜಲಾಶಯದ ಮಟ್ಟ, ಒಳಹರಿವು, ಹೊರಹರಿವು ದಿನಾ ಬರುತ್ತದೆ. ಗರಿಷ್ಠ ಮಟ್ಟ 519.60 ಮೀಟರ್, ಸಂಗ್ರಹ 123 ಟಿಎಂಸಿ. ಹುಡುಗರಿಗೆ ಇದು ಬಾಯಿಪಾಠ. ಆದರೆ ಟಿಎಂಸಿ ಅಂದರೆ ಎಷ್ಟು ನೀರು? ನೂರು ಕೋಟಿ ಘನ ಅಡಿ. ಕ್ಯುಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಒಂದು ಲಕ್ಷ ಕ್ಯುಸೆಕ್ ಒಳಹರಿವು ಇಡೀ ದಿನ ಇದ್ದರೆ 8.64 ಟಿಎಂಸಿ ಬಂತು ಅಂತ ಮಕ್ಕಳೇ ಗುಣಿಸಿ ಹೇಳಬಹುದು, ಅಲ್ವಾ? ಎರಡು ವಾರದ ಪೇಪರ್ ತೆಗೆದು ಅಂಕಿ ಬರೆದುಕೊಂಡರೆ ನಕ್ಷೆಯೇ ಆಗುತ್ತದೆ. ಕಾಗದದ ಪೇಪರ್ ಆಗಿದ್ದರೆ ಅಷ್ಟೊತ್ತಿಗೆ ಭಜಿ ಕಟ್ಟಲು ಹೋಗಿರುತ್ತಿತ್ತು.

ಇನ್ನೂ ಒಂದಿದೆ. ಅಣೆಕಟ್ಟನ್ನು 524.256 ಮೀಟರಿಗೆ ಎತ್ತರಿಸುವ ಮಾತು ಬಂದಾಗಲೆಲ್ಲ ಸಾಂಗಲಿ, ಕೊಲ್ಹಾಪುರದವರು ನೆರೆಯ ಭಯ ಹೇಳುತ್ತಾರೆ. ನಮ್ಮವರು ಹೊಲಕ್ಕೆ ನೀರು ಅನ್ನುತ್ತಾರೆ. ಇಂಡಿ, ಚಡಚಣದ ಕಡೆ ಮರಾಠಿ ತಿಳಿಯುವ ಮಕ್ಕಳು ಬೇಕಾದಷ್ಟು. ಒಂದೇ ದಿನದ ಕನ್ನಡ ಪೇಪರನ್ನೂ ಮರಾಠಿ ಪೇಪರನ್ನೂ ಪಕ್ಕಪಕ್ಕದಲ್ಲಿ ತೆರೆದು ಓದಿಸಿ ನೋಡಿ. ಯಾರು ಏನು ಮೇಲೆ ಬರೆದರು, ಏನು ಬಿಟ್ಟರು ಅಂತ ಹುಡುಗರೇ ಹೇಳುತ್ತಾರೆ. ಕಣ್ಣೂರಿನ ಮಕ್ಕಳಿಗೂ ಇಷ್ಟು ಒಳ್ಳೆಯ ಪಾಠ ಸಿಗಲಿಕ್ಕಿಲ್ಲ.

ತೊಂದರೆ ಇಲ್ಲ ಅನ್ನುವುದಿಲ್ಲ. ಕೆಲವು ಇ-ಪೇಪರ್‌ಗೆ ಚಂದಾ ಕಟ್ಟಬೇಕು. ನೆಟ್ ಕೈ ಕೊಡುತ್ತದೆ. ಮೊಬೈಲ್‌ನಲ್ಲಿ ಆ ಸಣ್ಣ ಅಕ್ಷರ ಎಳೆದೆಳೆದು ಓದುವುದು ಕಣ್ಣಿಗೆ ಹಿಂಸೆ. ಅದಕ್ಕೇ ಮಕ್ಕಳ ಕೈಗೆ ಮೊಬೈಲ್ ಕೊಡಿ ಅಂತ ನಾನು ಕೇಳುತ್ತಿಲ್ಲ. ಹುಡುಗಿಯ ಶಾಲೆಗೆ ಹಳೆ ವಿದ್ಯಾರ್ಥಿಗಳು ಕೊಟ್ಟ ದೊಡ್ಡ ಟಿವಿ ಇದೆ. ಧೂಳು ಬೀಳದಿರಲಿ ಅಂತ ವರ್ಷವಿಡೀ ಬಟ್ಟೆ ಹೊದಿಸಿಟ್ಟಿದ್ದರು. ಆ ಬಟ್ಟೆ ತೆಗೆದು ವಾರಕ್ಕೆ ಎರಡು ಪಿರಿಯಡ್ ಪೇಪರ್ ಹಾಕಿದರೆ ಸಾಕು. ಜುಲೈ 1 ಪತ್ರಿಕಾ ದಿನ, 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಬಂದ ದಿನ. ಶುರು ಮಾಡಲು ಅದಕ್ಕಿಂತ ಒಳ್ಳೆ ದಿನ ಬೇಕಾ?

ಊರಿಗೆ ಹೋದಾಗ ಅವರ ಗಣಿತದ ಟೀಚರಿಗೆ ಇಷ್ಟನ್ನೂ ಹೇಳಿದೆ. ಸುಮ್ನೆ ಕೇಳಿಸಿಕೊಂಡರು. ಹದಿನೈದು ದಿನದ ಮೇಲೆ ಹುಡುಗಿ ನೋಟ್‌ಬುಕ್ಕಿನ ಫೋಟೋ ಕಳಿಸಿದಳು. ಆಲಮಟ್ಟಿಯ ಒಳಹರಿವು, ದಿನಕ್ಕೊಂದು ಸಾಲು. ನಡುವೆ ಒಂದು ಮನೆ ಖಾಲಿ ಇತ್ತು. ಯಾಕೆ ಅಂತ ಕೇಳಿದೆ.

‘ಅವತ್ತು ಕರೆಂಟ್ ಇರಲಿಲ್ಲರಿ ಕಾಕಾ. ಹಳೇ ತಾರೀಖಿನ ಪೇಪರ್ ತಗದು ನಾಳೆ ತುಂಬತೀವಿ.’