ಟೆನ್ಶನ್ ಮುಗಿಯಿತು, ಮಾತ್ರೆ ನಿಲ್ಲಿಸಿದರು

ಕಳೆದ ವರ್ಷ ಉಡುಪಿಯ ವೈದ್ಯರೊಬ್ಬರು ನನ್ನ ಸೋದರಮಾವನ ರಕ್ತದೊತ್ತಡ ನೋಡಿ, ಚೀಟಿಯಲ್ಲಿ 160/100 ಎಂದು ಬರೆದು, "ಹೈಪರ್‌ಟೆನ್ಶನ್ ಇದೆ, ದಿನಕ್ಕೊಂದು ಮಾತ್ರೆ, ಬಿಡಬಾರದು" ಎಂದಿದ್ದರು. ಮಾವ ತಲೆಯಾಡಿಸಿ ಬಂದರು. ಆಗ ಕುಟುಂಬದ ಜಾಗ ಪಾಲಾಗಿರಲಿಲ್ಲ, ತಮ್ಮಂದಿರ ಜತೆ ಮಾತು ನಿಂತಿತ್ತು. ಟೆನ್ಶನ್ ವಿಪರೀತವಾದರೆ ಹೈಪರ್‌ಟೆನ್ಶನ್, ಅಷ್ಟೇ ಅವರ ಲೆಕ್ಕ. ಮೂರು ತಿಂಗಳಲ್ಲಿ ಪಾಲಾಯಿತು, ಬಾವಿಯ ತಕರಾರೂ ಮುಗಿಯಿತು. ಮಾವ ಮಾತ್ರೆ ನಿಲ್ಲಿಸಿದರು. "ಇನ್ನು ನನಗೆ ಎಂಥ ಟೆನ್ಶನ್ ಮಾರಾಯ?"

ಮುಂದಿನ ಸಲ ನೋಡಿದಾಗ 178/106.

ಆ ಪದದೊಳಗಿನ ಟೆನ್ಶನ್ ರಕ್ತನಾಳದ ಗೋಡೆಯ ಮೇಲೆ ಬೀಳುವ ಒತ್ತಡ. ಊಟ ಮುಗಿಸಿ ನೆಮ್ಮದಿಯಾಗಿ ಗೊರಕೆ ಹೊಡೆಯುವವನಿಗೂ ಅದು ಇರಬಹುದು, ಹೆಚ್ಚಿನವರಿಗೆ ಇರುವುದೇ ಗೊತ್ತಾಗುವುದಿಲ್ಲ. ಆದರೂ ಮಾವನನ್ನು ಹೇಗೆ ದೂರಲಿ? ರಸ್ತೆ ಬದಿಯ ಹೈಟೆನ್ಶನ್ ತಂತಿಯನ್ನು ಬಿಟ್ಟರೆ, ನಾವು ಆಡುವ ಟೆನ್ಶನ್ ಎಲ್ಲವೂ ಮನಸ್ಸಿನದೇ. (ಬಿಪಿಯ ಕಥೆಯೂ ಹೀಗೆಯೇ. "ನನಗೆ ಬಿಪಿ ಇದೆ" ಎನ್ನುತ್ತೇವೆ. ಅದು ಇಲ್ಲದವರು ಬದುಕಿರುವುದಾದರೂ ಹೇಗೆ!)

ಲ್ಯಾಟಿನ್ನಿನಲ್ಲಿ ಎಳೆಯುವುದು, ಚಾಚುವುದು ಎಂಬ ಅರ್ಥದ ಧಾತುವಿನಿಂದ ಹುಟ್ಟಿದ ಪದ ಇದು. ನಮ್ಮಲ್ಲಿಗೆ ಬಂದ ಮೇಲೆ ಅದನ್ನು ಕೊಡಬಹುದು, ತೆಗೆದುಕೊಳ್ಳಬಹುದು, ಮಾಡಬಹುದು. "ಟೆನ್ಶನ್ ಮಾಡಬೇಡ" ಎನ್ನುವಾಗಲಂತೂ ನನಗೆ ಒಳಗಿನಿಂದ ತುಳುವೇ ಕೇಳಿಸುತ್ತದೆ: ಮಂಡೆ ಬೆಚ್ಚ ಮಲ್ಪೊಡ್ಚಿ, ತಲೆ ಬಿಸಿ ಮಾಡಬೇಡ. ಮಂಡೆಬಿಸಿ ಕುಳಿತಿದ್ದ ಮಣೆಯ ಮೇಲೆ ಇಂಗ್ಲಿಷ್ ಪದ ಬಂದು ಕುಳಿತಿದೆ, ಮಣೆ ಬದಲಾಗಿಲ್ಲ. ಪದ ಪರದೇಶದ್ದು ಎಂಬ ತಕರಾರು ನನ್ನದಲ್ಲ.

ನನ್ನ ತಕರಾರು ಅದರ ಹೊಟ್ಟೆಬಾಕತನದ ಬಗ್ಗೆ. ಕಿಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಅವರು ಈಗ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಪುಸ್ತಕ ಹಿಡಿದು ನಿಂತರೆ ಕಳವಳ, ತಳಮಳ, ದುಗುಡ, ದಿಗಿಲು ಎಲ್ಲದರ ಜಾಗದಲ್ಲೂ ಟೆನ್ಶನ್ ಎಂದೇ ಬರೆದುಕೊಂಡು ಹೋಗಬೇಕಾದೀತು. ಗಾಳಿಮಳೆಗೆ ಮಲ್ಪೆಯ ದೋಣಿ ಮರಳದಿದ್ದರೂ ಟೆನ್ಶನ್, ಮದುವೆ ಮನೆಯಲ್ಲಿ ಐಸ್‌ಕ್ರೀಮ್ ಸಾಲದಿದ್ದರೂ ಟೆನ್ಶನ್. ಕಳವಳ ಎಂದರೆ "ಏನಾಯಿತು?" ಎಂದು ಕೇಳಬೇಕಾಗುತ್ತದೆ. ಟೆನ್ಶನ್ ಎಂದರೆ ಯಾರೂ ಏನೂ ಕೇಳಬೇಕಾಗಿಲ್ಲ, "ಮಾಡಬೇಡ" ಎಂದರೆ ಮುಗಿಯಿತು.

ಪಿಯುಸಿ ಓದುವ ಮಗಳು ಕಳೆದ ತಿಂಗಳು ಹಾಸ್ಟೆಲಿನಿಂದ ಫೋನ್ ಮಾಡಿ "ಅಪ್ಪ, ತುಂಬಾ ಟೆನ್ಶನ್" ಎಂದಳು. ಮಾಡಬೇಡ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಾಗಿತ್ತು. ಮಾವನ ನೆನಪಾಗಿ ನುಂಗಿಕೊಂಡೆ.

"ಹೆದರಿಕೆಯಾ ಮಗಳೇ?"

"ಅಲ್ಲ."

"ಮನೆಯ ನೆನಪಾ?"

"ಅಲ್ಲ ಅಪ್ಪ."

ಆ ಕಡೆ ಯಾರೋ ಬಕೆಟ್ಟು ಎಳೆದುಕೊಂಡು ಹೋಗುವ ಸದ್ದು. ಅದು ದೂರವಾದ ಮೇಲೆ ಮಾತು ಬಂತು: "ನಾಚಿಕೆ. ಫಿಸಿಕ್ಸಿನಲ್ಲಿ ಒಂಬತ್ತು ಬಂತು. ಎಲ್ಲರ ಎದುರು ಓದಿದರು."

ನನ್ನ ಪಟ್ಟಿಯಲ್ಲಿ ನಾಚಿಕೆ ಇರಲೇ ಇಲ್ಲ. ಎಷ್ಟಕ್ಕೆ ಒಂಬತ್ತು ಎಂದು ಕೇಳಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಹೊರಟೆ. ಅವಳ ಅಮ್ಮ ಡಬ್ಬಿಯಲ್ಲಿ ನೀರುದೋಸೆ ಕಟ್ಟಿಕೊಟ್ಟಿದ್ದಳು.